ಲಿಂಗದಲ್ಲಿ ಸಮಪಾಲು, ಮನೆಯಲ್ಲಿ?

12ನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಮನೆಯ ಸ್ತ್ರೀಯರು ಅನುಭಾವಿಗಳಾಗಿದ್ದರು. ಅವರ ಅಕ್ಕ ನಾಗಮ್ಮ, ಪತ್ನಿಯರಾದ ಗಂಗಾಂಬಿಕೆ ಹಾಗೂ ನೀಲಾಂಬಿಕೆ ತಮ್ಮದೇ ಅಂಕಿತಗಳಲ್ಲಿ ವಚನಗಳನ್ನು ರಚಿಸಿದರು. ಇಷ್ಟಲಿಂಗವು ಮಗನಿಗೂ ಮಗಳಿಗೂ ಒಂದೇ ಎಂಬುದು ಶರಣಧರ್ಮದ ತಿರುಳು. ಆದರೆ ಕರಸ್ಥಲದಲ್ಲಿ ದೊರೆತ ಈ ಸಮಾನತೆಯು ಮನೆಯ ಆಸ್ತಿಪತ್ರದವರೆಗೆ ಬರಲು ಎಂಟು ಶತಮಾನಗಳೇ ಬೇಕಾದವು.

ಮೈಸೂರಿನ ಲಕ್ಷ್ಮೀಪುರಂನಂತಹ ಬಡಾವಣೆಯ ಹಳೆಯ ಮನೆತನಗಳ ನಾಲ್ಕು ತಲೆಮಾರುಗಳನ್ನು ಅವಲೋಕಿಸಿದರೆ ಈ ದಾರಿ ಕಾಣುತ್ತದೆ. ಮುತ್ತಜ್ಜಿಯರಲ್ಲಿ ಕೆಲವರಿಗೆ, 1881ರಲ್ಲಿ ನಗರದಲ್ಲಿ ಆರಂಭವಾದ ಮಹಾರಾಣಿಯವರ ಬಾಲಿಕಾ ಶಾಲೆಯಿಂದ ಅಕ್ಷರದ ಬಾಗಿಲು ತೆರೆಯಿತು. ಅಜ್ಜಿಯರ ಕಾಲಕ್ಕೆ, ಮೈಸೂರು ಸಂಸ್ಥಾನದ 1933ರ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯು ವಿಧವೆ, ತಾಯಿ, ಅವಿವಾಹಿತ ಪುತ್ರಿಯರಿಗೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಪಾಲು ನೀಡಿತು. ಅದು ಮಗನ ಪಾಲಿಗೆ ಸಮವಾಗಿರಲಿಲ್ಲ. ತಾಯಂದಿರ ಕಾಲದಲ್ಲಿ, 1994ರ ಕರ್ನಾಟಕದ ತಿದ್ದುಪಡಿಯು ಮಗಳಿಗೆ ಹುಟ್ಟಿನಿಂದಲೇ ಸಮಾನ ಹಕ್ಕನ್ನಿತ್ತರೂ, ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿಯು ಆ ಭೇದವನ್ನೂ ತೆಗೆಯಿತು.

ಇಂದಿನ ಮಗಳಿಗೆ ಕಾನೂನಿನ ಅಡ್ಡಿಯಿಲ್ಲ. ಆದರೂ ಅರಿಶಿನ ಕುಂಕುಮದ ಹೆಸರಿನಲ್ಲಿ ಅಲ್ಪಸ್ವಲ್ಪ ಕೊಟ್ಟು, ಹಕ್ಕುಬಿಡುಗಡೆ ಪತ್ರಕ್ಕೆ ಆಕೆಯ ಸಹಿ ಪಡೆಯುವ ರೂಢಿ ಉಳಿದಿದೆ. ಒಪ್ಪದ ಮಗಳು ತವರಿಗೆ ಎರವಾಗುತ್ತಾಳೆ. ಆಕೆಯ ಕೊರಳಲ್ಲಿರುವುದು ಅಣ್ಣತಮ್ಮಂದಿರ ಕೊರಳಲ್ಲಿರುವ ಲಿಂಗವೇ ಅಲ್ಲವೇ? ನುಡಿಯಲ್ಲಿ ಬಸವಣ್ಣನವರನ್ನು ಸ್ಮರಿಸಿ, ನಡೆಯಲ್ಲಿ ಮಗಳ ಪಾಲನ್ನು ಕಸಿಯುವುದು ಲಿಂಗ ಮೆಚ್ಚುವ ನಡೆಯಲ್ಲ. ಪಾಲುಪತ್ರ ಬರೆಯುವ ದಿನ ಭಕ್ತರು ಇದನ್ನು ನೆನೆಯಬೇಕು.