ಕೊರೋನಾ ಕಾಲದಲ್ಲಿ ಯೆಹೂದ್ಯರ ಪ್ರಾರ್ಥನೆ, ಹಬ್ಬ: ಒಂದು ಪರಿಚಯ

ವಿಜಯಪುರ ಜಿಲ್ಲೆಯ ದೇವಣಗಾಂವ ಭೀಮಾ ನದಿಯ ದಂಡೆಯ ಊರು. ನಮ್ಮ ಕರಾವಳಿಯಿಂದ ಐನೂರು ಕಿಲೋಮೀಟರಿಗೂ ಹೆಚ್ಚು ದೂರ. ಆ ಕಡೆ ಹೋಗಿದ್ದಾಗ, ಅಲ್ಲಿ ಕೆಲಸಕ್ಕಿರುವ ನಮ್ಮ ಊರಿನ ಕಡೆಯ ನರ್ಸ್ ಒಬ್ಬರು ಸಿಕ್ಕರು. 2021ರ ಮೇ ತಿಂಗಳಲ್ಲಿ ಅವರ ತಂದೆ ತೀರಿಕೊಂಡರು. ಲಾಕ್‌ಡೌನ್ ಇತ್ತು, ಆಸ್ಪತ್ರೆಯ ಕೆಲಸ ಬಿಡುವಂತಿರಲಿಲ್ಲ. ಅಂತ್ಯಕ್ರಿಯೆಯನ್ನು ಅವರು ಮೊಬೈಲಿನಲ್ಲಿ ನೋಡಿದರು. ಎಲ್ಲ ಹೇಳಿ ಮುಗಿಸಿ ಅವರು ಕೇಳಿದ್ದು ಇಷ್ಟೇ: "ಫಾದರ್, ಅದು ನಾನು ಅಪ್ಪನ ಮಣ್ಣಿಗೆ ಹೋದ ಹಾಗೆ ಆಯ್ತಾ, ಇಲ್ವಾ?"

ಈ ಪ್ರಶ್ನೆ ಆಗ ಎಲ್ಲ ಧರ್ಮದವರಿಗೂ ಬಂದಿತ್ತು. ಆದರೆ ಅದನ್ನು ಅತ್ಯಂತ ಖಚಿತವಾಗಿ ಕೇಳಿ, ಚರ್ಚಿಸಿ, ಲಿಖಿತ ಉತ್ತರ ಕೊಟ್ಟವರಲ್ಲಿ ಯೆಹೂದ್ಯರು ಮೊದಲಿಗರು. ಏಕೆಂದರೆ ಅವರ ಸಮುದಾಯ ಪ್ರಾರ್ಥನೆಗೆ ಒಂದು ಲೆಕ್ಕವಿದೆ: ಹತ್ತು ಮಂದಿ ಇರಬೇಕು. ಪರದೆಯ ಮೇಲೆ ಕಾಣುವವನು ಆ ಹತ್ತರಲ್ಲಿ ಒಬ್ಬನೋ ಅಲ್ಲವೋ ಎಂದು ಅವರು ಹೇಳಲೇಬೇಕಾಯಿತು. ಪ್ರಭು ಯೇಸು ಆಚರಿಸಿದ ಹಬ್ಬಗಳೇ ಇಂದಿಗೂ ಯೆಹೂದ್ಯರ ಹಬ್ಬಗಳು. ಆದುದರಿಂದ ನಮ್ಮ ಓದುಗರಿಗೆ ಈ ವಿಷಯದ ಪರಿಚಯ ಇರುವುದು ಒಳ್ಳೆಯದೆಂದು ಭಾವಿಸಿ ಇದನ್ನು ಬರೆಯುತ್ತಿದ್ದೇವೆ.

ಹತ್ತು ಮಂದಿಯ ನಿಯಮ

ಸಮುದಾಯ ಪ್ರಾರ್ಥನೆಗೆ ಬೇಕಾದ ಹತ್ತು ಮಂದಿಯ ಕೂಟಕ್ಕೆ ಹೀಬ್ರೂ ಭಾಷೆಯಲ್ಲಿ 'ಮಿನ್ಯಾನ್' ಎಂದು ಹೆಸರು. ಆರ್ಥಡಾಕ್ಸ್ ಪಂಗಡದವರು ಹದಿಮೂರು ವರ್ಷ ತುಂಬಿದ ಗಂಡಸರನ್ನು ಮಾತ್ರ ಎಣಿಸುತ್ತಾರೆ. ರಿಫಾರ್ಮ್ ಪಂಗಡದವರೂ ಕನ್ಸರ್ವೇಟಿವ್ ಪಂಗಡದ ಬಹುಪಾಲು ಸಭೆಗಳೂ ಸ್ತ್ರೀಯರನ್ನು ಸೇರಿಸಿಕೊಳ್ಳುತ್ತವೆ. ಒಬ್ಬಂಟಿಯಾಗಿ ಪ್ರಾರ್ಥಿಸಲು ಅಡ್ಡಿಯೇನೂ ಇಲ್ಲ. ಆದರೆ ಧರ್ಮಶಾಸ್ತ್ರದ ಸುರುಳಿಯನ್ನು ತೆರೆದು ಸಭೆಯಲ್ಲಿ ಓದುವುದು ಮತ್ತು 'ಕದ್ದಿಷ್' ಹೇಳುವುದು ಮುಂತಾದವು ಹತ್ತು ಮಂದಿ ಇಲ್ಲದೆ ಆಗುವುದಿಲ್ಲ.

ಕದ್ದಿಷ್ ಎಂಬುದು ಅರಮಾಯಿಕ ಭಾಷೆಯ ಸ್ತುತಿ. ತಂದೆ ಅಥವಾ ತಾಯಿ ತೀರಿಕೊಂಡಾಗ ಮಕ್ಕಳು ಹನ್ನೊಂದು ತಿಂಗಳು ಇದನ್ನು ಹೇಳುವುದು ರೂಢಿ. ಅದರಲ್ಲಿ ಮರಣದ ಮಾತೇ ಇಲ್ಲ, ಇರುವುದು ದೇವರ ನಾಮದ ಸ್ತುತಿ. ದುಃಖದಲ್ಲಿರುವವನು ಎದ್ದು ನಿಂತು ಹೇಳುತ್ತಾನೆ, ಸುತ್ತ ಇರುವವರು 'ಆಮೆನ್' ಎನ್ನುತ್ತಾರೆ. ಉತ್ತರ ಕೊಡುವ ಸಭೆ ಬೇಕು ಎಂಬುದೇ ಅದರ ತಿರುಳು. ಸಾವುಗಳು ಹೆಚ್ಚಿದ 2020ರಲ್ಲೇ ಸಭೆ ಸೇರುವುದು ನಿಂತುಹೋಯಿತು. ಸಂಕಟ ಇದ್ದದ್ದು ಇಲ್ಲಿ.

ಹಳೆಯ ಶಾಸ್ತ್ರದಲ್ಲಿ ಕಿಟಕಿ

ರಬ್ಬಿಗಳು ಹೊಸ ಪ್ರಶ್ನೆಗೆ ಉತ್ತರವನ್ನು ಹಳೆಯ ಗ್ರಂಥಗಳಲ್ಲಿ ಹುಡುಕುತ್ತಾರೆ. ಹದಿನಾರನೆಯ ಶತಮಾನದಲ್ಲಿ ರಬ್ಬಿ ಯೋಸೆಫ್ ಕಾರೊ ರಚಿಸಿದ 'ಶುಲ್ಹಾನ್ ಆರುಖ್' ಎಂಬ ಸಂಹಿತೆಯ ಪ್ರಕಾರ ಹತ್ತು ಮಂದಿಯೂ ಒಂದೇ ಸ್ಥಳದಲ್ಲಿರಬೇಕು. ಆದರೆ ಅಲ್ಲೇ ಒಂದು ವಿನಾಯಿತಿಯೂ ಇದೆ. ಪ್ರಾರ್ಥನಾ ಮಂದಿರದ ಹೊರಗೆ, ಎಷ್ಟೋ ಅಂತಸ್ತು ಮೇಲಿದ್ದವನು ಸಹ ಕಿಟಕಿಯಿಂದ ಮುಖ ತೋರಿಸಿದರೆ ಅವನನ್ನು ಹತ್ತರಲ್ಲಿ ಎಣಿಸಬಹುದು. ಪ್ರಾಚೀನ ಅಲೆಕ್ಸಾಂಡ್ರಿಯದ ಸಿನಗಾಗ್ ಎಷ್ಟು ದೊಡ್ಡದಿತ್ತೆಂದರೆ, ಹಿಂದೆ ಇದ್ದವರಿಗೆ ಧ್ವನಿ ಕೇಳಿಸದೆ, ಬಟ್ಟೆ ಬೀಸಿದಾಗ 'ಆಮೆನ್' ಎನ್ನುತ್ತಿದ್ದರೆಂದು ತಲ್ಮೂದ್ ಹೇಳುತ್ತದೆ.

ಇಂಟರ್‌ನೆಟ್ ಕುರಿತ ಚರ್ಚೆಯೂ ಕೊರೋನಾದೊಂದಿಗೆ ಹುಟ್ಟಿದ್ದಲ್ಲ. 2001ರಲ್ಲೇ ಅಮೆರಿಕದ ಕನ್ಸರ್ವೇಟಿವ್ ಪಂಗಡದ ಧರ್ಮಶಾಸ್ತ್ರ ಸಮಿತಿಯು ರಬ್ಬಿ ಅವ್ರಾಮ್ ರೈಸ್ನರ್ ಬರೆದ ತೀರ್ಪನ್ನು ಒಪ್ಪಿತ್ತು. ಹತ್ತು ಮಂದಿ ಒಂದೆಡೆ ನಿಜವಾಗಿ ಸೇರಿರಬೇಕು, ಸೇರಿದ ಮೇಲೆ ದೂರದಲ್ಲಿರುವವರು ಅವರೊಡನೆ ಕೂಡಿಕೊಳ್ಳಬಹುದು, ಆದರೆ ಪರದೆಯ ಮೇಲಿನವರನ್ನು ಎಣಿಸಿ ಹತ್ತು ಮಾಡುವಂತಿಲ್ಲ ಎಂಬುದು ಅದರ ಸಾರ.

2020 ಮಾರ್ಚ್ 17ರಂದು ಅದೇ ಸಮಿತಿಯ ಮುಖ್ಯಸ್ಥರಾದ ರಬ್ಬಿ ಎಲಿಯಟ್ ಡಾರ್ಫ್ ಮತ್ತು ರಬ್ಬಿ ಪಮೇಲಾ ಬಾರ್ಮಾಶ್ ಹೊಸ ಮಾರ್ಗದರ್ಶನ ಹೊರಡಿಸಿದರು. ಇದು ಇಕ್ಕಟ್ಟಿನ ಕಾಲ. ಈ ಕಾಲ ಮುಗಿಯುವವರೆಗೆ, ಒಬ್ಬರನ್ನೊಬ್ಬರು ನೋಡುತ್ತಾ ಕೇಳುತ್ತಾ ಇರುವ ಹತ್ತು ಮಂದಿಯನ್ನು ಪರದೆಯ ಮೇಲೂ ಎಣಿಸಲು ಅವಕಾಶ ಕೊಡಬಹುದು ಎಂದಿತು ಅದು. ರಿಫಾರ್ಮ್ ಸಭೆಗಳು ಪ್ರಾರ್ಥನೆಯನ್ನು ಬೇಗನೆ ಜೂಮಿಗೆ ಒಯ್ದವು. ಆರ್ಥಡಾಕ್ಸ್ ರಬ್ಬಿಗಳು ಒಪ್ಪಲಿಲ್ಲ. ಮಿನ್ಯಾನ್ ಇಲ್ಲದಿದ್ದರೆ ಕದ್ದಿಷ್ ಇಲ್ಲ. ಅದರ ಬದಲು ಸತ್ತವರ ಹೆಸರಿನಲ್ಲಿ ದಾನ ಮಾಡಿ, ಧರ್ಮಗ್ರಂಥ ಅಧ್ಯಯನ ಮಾಡಿ ಎಂದರು. ಇಸ್ರಾಯೇಲಿನಲ್ಲಿ ಅಕ್ಕಪಕ್ಕದವರು ತಂತಮ್ಮ ಬಾಲ್ಕನಿಗಳಲ್ಲಿ ನಿಂತು ಒಟ್ಟಿಗೆ ಪ್ರಾರ್ಥಿಸಿದರು. ಶಾಸ್ತ್ರದ ಕಿಟಕಿ ಅಲ್ಲಿ ಅಕ್ಷರಶಃ ಕಿಟಕಿಯೇ ಆಯಿತು.

ಜೀವ ಉಳಿಸುವುದು ಮೊದಲು

ಬಾಗಿಲು ಮುಚ್ಚಬೇಕು ಎಂಬ ವಿಷಯದಲ್ಲಿ ಮಾತ್ರ ಎಲ್ಲ ಪಂಗಡಗಳ ಪ್ರಮುಖ ರಬ್ಬಿಗಳಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿರಲಿಲ್ಲ. ಯಾಜಕಕಾಂಡದ 18ನೇ ಅಧ್ಯಾಯದ 5ನೇ ವಾಕ್ಯವನ್ನು ಆಧರಿಸಿ ಯೆಹೂದ್ಯ ಶಾಸ್ತ್ರ ಹೇಳುವುದೇನೆಂದರೆ, ಆಜ್ಞೆಗಳು ಇರುವುದು ಬದುಕಲಿಕ್ಕಾಗಿ. ಜೀವ ಉಳಿಸಲು ಸಬ್ಬತ್ತನ್ನೂ ಮುರಿಯಬಹುದು, ಮುರಿಯಲೇಬೇಕು. 1848ರಲ್ಲಿ ವಿಲ್ನಾ ನಗರದಲ್ಲಿ ಕಾಲರಾ ಹರಡಿದಾಗ ರಬ್ಬಿ ಇಸ್ರಾಯೇಲ್ ಸಲಾಂತರ್ ಅವರು ಪ್ರಾಯಶ್ಚಿತ್ತ ದಿನದ ಕಠಿಣ ಉಪವಾಸವನ್ನೂ ಬಿಟ್ಟು ಊಟ ಮಾಡಲು ಜನರಿಗೆ ಹೇಳಿದರೆಂಬ ಪ್ರತೀತಿ ಇದೆ. 2020ರಲ್ಲಿ ಈ ಕಥೆಯನ್ನು ಅನೇಕರು ನೆನಪಿಸಿಕೊಂಡರು.

ಸಬ್ಬತ್ ದಿನದ ತೊಡಕು

ಸಬ್ಬತ್ ಶುಕ್ರವಾರ ಸೂರ್ಯಾಸ್ತಕ್ಕೆ ತೊಡಗಿ ಶನಿವಾರ ಕತ್ತಲಾದಾಗ ಮುಗಿಯುತ್ತದೆ. ಅಂದು 39 ಬಗೆಯ ಕೆಲಸಗಳು ನಿಷಿದ್ಧ. ಬೆಂಕಿ ಹೊತ್ತಿಸಬಾರದೆಂದು ವಿಮೋಚನಾಕಾಂಡ 35:3 ಹೇಳುತ್ತದೆ. ಆರ್ಥಡಾಕ್ಸರು ವಿದ್ಯುತ್ ಸ್ವಿಚ್ ಒತ್ತುವುದನ್ನೂ ಬಿಡುತ್ತಾರೆ. ಹಬ್ಬದ ದಿನಗಳಿಗೂ ಬಹುಮಟ್ಟಿಗೆ ಇದೇ ನಿಯಮ. ಹಾಗಾಗಿ ವಾರದ ದಿನಗಳಲ್ಲಿ ಫೋನಿನಲ್ಲಿ ಕೂಡಿಕೊಳ್ಳುವವನಿಗೂ ಸಬ್ಬತ್ತಿನಲ್ಲಿ, ಅಂದರೆ ಸಭೆ ಅತ್ಯಂತ ಬೇಕಾದ ದಿನದಲ್ಲೇ, ಆ ದಾರಿ ಇರಲಿಲ್ಲ. ಕೆಲವು ಸಭೆಗಳು ಶುಕ್ರವಾರ ಸೂರ್ಯ ಮುಳುಗುವ ಮೊದಲೇ ಪರದೆಯ ಮೇಲೆ ಸೇರಿ ಸಬ್ಬತ್ತನ್ನು ಸ್ವಾಗತಿಸುವ ಹಾಡುಗಳನ್ನು ಹಾಡಿ, ನಂತರ ಫೋನ್ ಮುಚ್ಚಿಟ್ಟವು. 2020ರ ಮೇ ತಿಂಗಳಲ್ಲಿ ಕನ್ಸರ್ವೇಟಿವ್ ಸಮಿತಿಯು ರಬ್ಬಿ ಜೋಶುವಾ ಹೆಲ್ಲರ್ ಅವರ ತೀರ್ಪನ್ನು ಅಂಗೀಕರಿಸಿತು. ಉಪಕರಣವನ್ನು ಸಬ್ಬತ್ತಿಗೆ ಮೊದಲೇ ಸಿದ್ಧಮಾಡಿ ಇಟ್ಟುಬಿಡುವುದು ಅದು ತೋರಿಸಿದ ದಾರಿ.

ಪಾಸ್ಖ: ಏಪ್ರಿಲ್ 2020

ಆ ವರ್ಷ ಪಾಸ್ಖ ಭೋಜನದ ರಾತ್ರಿ ಏಪ್ರಿಲ್ 8, ಬುಧವಾರ. ಮರುದಿನವೇ ನಮ್ಮ ಪವಿತ್ರ ಗುರುವಾರ. 'ಸೇದೆರ್' ಎಂಬ ಈ ಭೋಜನ ನಡೆಯುವುದು ಮನೆಯಲ್ಲಿ. ಹುಳಿಯಿಲ್ಲದ ರೊಟ್ಟಿ, ಕಹಿ ಸೊಪ್ಪು, ನಾಲ್ಕು ಪಾತ್ರೆ ದ್ರಾಕ್ಷಾರಸ. ಮನೆಯ ಅತಿ ಚಿಕ್ಕ ಮಗು ಪ್ರಶ್ನೆ ಕೇಳಬೇಕು, ಹಿರಿಯರು ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದ ಕಥೆ ಹೇಳಬೇಕು. ಆದರೆ ಅಂದು ರಾತ್ರಿ ಇಸ್ರಾಯೇಲಿನಲ್ಲಿ ಕರ್ಫ್ಯೂ. ಅಜ್ಜ ಅಜ್ಜಿ ಒಂದು ಮನೆಯಲ್ಲಿ, ಮೊಮ್ಮಕ್ಕಳು ಇನ್ನೊಂದು ಮನೆಯಲ್ಲಿ.

ಅದಕ್ಕೂ ಮುನ್ನ ಮಾರ್ಚ್ ತಿಂಗಳಲ್ಲಿ ಇಸ್ರಾಯೇಲಿನ 14 ಮಂದಿ ಸೆಫಾರ್ದಿ ರಬ್ಬಿಗಳು ಒಂದು ಅಭಿಪ್ರಾಯ ಪ್ರಕಟಿಸಿದ್ದರು: ಹಬ್ಬ ತೊಡಗುವ ಮೊದಲೇ ಕಂಪ್ಯೂಟರ್ ತೆರೆದಿಟ್ಟು, ಒಂಟಿಯಾದ ವೃದ್ಧರು ಕುಟುಂಬದೊಡನೆ ಜೂಮ್ ಮೂಲಕ ಸೇದೆರ್ ಆಚರಿಸಬಹುದು, ಈ ಅನುಮತಿ ಈ ಆಪತ್ತಿಗೆ ಮಾತ್ರ. ಇಸ್ರಾಯೇಲಿನ ಆಗಿನ ಇಬ್ಬರು ಮುಖ್ಯ ರಬ್ಬಿಗಳಾದ ಡೇವಿಡ್ ಲಾವ್ ಮತ್ತು ಯಿತ್ಸಾಕ್ ಯೋಸೆಫ್ ಇದನ್ನು ಒಪ್ಪಲಿಲ್ಲ. ಒಂಟಿತನ ನೋವಿನ ಸಂಗತಿ ಹೌದು, ಆದರೆ ಅದಕ್ಕಾಗಿ ಹಬ್ಬದ ಪಾವಿತ್ರ್ಯವನ್ನು ಮುರಿಯಲಾಗದು ಎಂಬುದು ಅವರ ನಿಲುವು. ಎರಡೂ ಕಡೆಯವರು ಅಜ್ಜಂದಿರ ಮೇಲೆ ಕರುಣೆ ಇಲ್ಲದವರಲ್ಲ. ನಿಯಮದ ಮೇಲೆ ಗೌರವ ಇಲ್ಲದವರೂ ಅಲ್ಲ.

ಕೊಂಬಿನ ಧ್ವನಿ

ಯೆಹೂದ್ಯರ ಹೊಸ ವರ್ಷ 2020ರಲ್ಲಿ ಸೆಪ್ಟೆಂಬರ್ 18ರ ಸಂಜೆ ಆರಂಭವಾಯಿತು. ಅದೇ ದಿನ ಮಧ್ಯಾಹ್ನ ಇಸ್ರಾಯೇಲಿನಲ್ಲಿ ಎರಡನೆಯ ಲಾಕ್‌ಡೌನ್ ಜಾರಿಗೆ ಬಂತು. ಹೊಸ ವರ್ಷದ ಮುಖ್ಯ ಆಜ್ಞೆ, ಟಗರಿನ ಕೊಂಬಿನ 'ಶೋಫಾರ್' ಧ್ವನಿಯನ್ನು ಕೇಳುವುದು. ಪರದೆಯಲ್ಲಿ ಕೇಳಿದರೆ ಸಾಕೇ? ಸುಮಾರು 1800 ವರ್ಷಗಳ ಹಿಂದೆ ಸಂಕಲಿಸಿದ 'ಮಿಷ್ನಾ'ದಲ್ಲಿ ಇದಕ್ಕೆ ಹತ್ತಿರದ ಪ್ರಶ್ನೆಯಿದೆ. ಬಾವಿಯೊಳಗೆ ಊದಿದ ಕೊಂಬನ್ನು ಕೇಳಿದವನು ಕೊಂಬಿನ ಧ್ವನಿ ಕೇಳಿದ್ದರೆ ಆಜ್ಞೆ ನೆರವೇರಿತು, ಪ್ರತಿಧ್ವನಿ ಕೇಳಿದ್ದರೆ ನೆರವೇರಲಿಲ್ಲ. ಸ್ಪೀಕರಿನಿಂದ ಬರುವುದು ಪ್ರತಿಧ್ವನಿಯಂತೆಯೇ ಎಂದು ಅನೇಕ ರಬ್ಬಿಗಳು ತೀರ್ಮಾನಿಸಿದರು. ಹಾಗಾಗಿ ಹಲವು ಊರುಗಳಲ್ಲಿ ಊದುವವರೇ ಬೀದಿಗೆ, ಉದ್ಯಾನಕ್ಕೆ ಹೋಗಿ ನಿಂತರು. ಜನರು ಬಾಗಿಲಲ್ಲಿ ನಿಂತು ಕೇಳಿದರು.

ನಮ್ಮ ದೇಶದ ಯೆಹೂದ್ಯರು

2011ರ ಜನಗಣತಿಯಂತೆ ಭಾರತದಲ್ಲಿ ಯೆಹೂದ್ಯರು ಐದು ಸಾವಿರಕ್ಕೂ ಕಡಿಮೆ. ಹೆಚ್ಚಿನವರು ಮುಂಬೈ, ಠಾಣೆ ಕಡೆಯ ಬೆನೆ ಇಸ್ರಾಯೇಲರು. ಇವರ ಪೂರ್ವಜರು ಕೊಂಕಣ ತೀರದಲ್ಲಿ ಗಾಣದಿಂದ ಎಣ್ಣೆ ತೆಗೆಯುತ್ತಿದ್ದರು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಅವರಿಗೆ 'ಶನಿವಾರ ತೇಲಿ' ಎಂಬ ಹೆಸರು ಬಂತು. ಅವಲಕ್ಕಿ, ತೆಂಗಿನತುರಿ, ಹಣ್ಣುಗಳನ್ನಿಟ್ಟು ಪ್ರವಾದಿ ಎಲೀಯನನ್ನು ನೆನೆಯುವ 'ಮಲೀದಾ' ಅವರದೇ ಆದ ಆಚರಣೆ. ಬೇರೆ ಯೆಹೂದ್ಯ ಸಮುದಾಯಗಳಲ್ಲಿ ಇದಿಲ್ಲ.

2020 ಮಾರ್ಚ್ 25ರಿಂದ ದೇಶದ ಎಲ್ಲ ಆರಾಧನಾ ಸ್ಥಳಗಳು ಮುಚ್ಚಿದವು. ಕರ್ನಾಟಕದಲ್ಲಿ ಜೂನ್ 8ರಿಂದ ತೆರೆಯಲು ಅನುಮತಿ ಸಿಕ್ಕಿತು. ಮಹಾರಾಷ್ಟ್ರದಲ್ಲಿ ಅವು ತೆರೆದದ್ದು ನವೆಂಬರ್ 16ರಂದು. ಎರಡನೆಯ ಅಲೆಯಲ್ಲಿ 2021ರ ಏಪ್ರಿಲ್‌ನಲ್ಲಿ ಮತ್ತೆ ಮುಚ್ಚಿ, ಅಕ್ಟೋಬರ್ 7ರಂದು ತೆರೆದವು. ಈ ದಿನಾಂಕಗಳನ್ನು ಯೆಹೂದ್ಯ ಪಂಚಾಂಗದ ಪಕ್ಕದಲ್ಲಿಟ್ಟು ನೋಡಿದರೆ ಒಂದು ಸಂಗತಿ ಕಾಣುತ್ತದೆ: ಹೊಸ ವರ್ಷ, ಪ್ರಾಯಶ್ಚಿತ್ತ ದಿನ, ಪರ್ಣಕುಟೀರ ಹಬ್ಬ ಮೂರೂ ಎರಡು ವರ್ಷವೂ ಮುಚ್ಚಿದ ಅವಧಿಯಲ್ಲೇ ಬಂದುಹೋದವು.

ಕೊಚ್ಚಿಯ ಕಷ್ಟ ಬೇರೆಯೇ. ಅಲ್ಲಿನ 1568ರ ಪರದೇಸಿ ಸಿನಗಾಗ್ ಪ್ರಸಿದ್ಧ. ಆದರೆ ಸಮುದಾಯದವರು ಹೆಚ್ಚಾಗಿ ಇಸ್ರಾಯೇಲಿಗೆ ಹೋಗಿರುವುದರಿಂದ ಹತ್ತು ಮಂದಿ ತುಂಬಲು ಹೊರಗಿನಿಂದ ಬರುವ ಯೆಹೂದ್ಯರೇ ಬೇಕಾಗಿತ್ತು. 2020 ಮಾರ್ಚ್ 13ರಿಂದ ಪ್ರವಾಸಿ ವೀಸಾಗಳು ಸ್ಥಗಿತವಾದ ಮೇಲೆ ಆ ಆಸರೆಯೂ ತಪ್ಪಿತು. ಹತ್ತು ಎಂಬ ಲೆಕ್ಕ ದೊಡ್ಡ ಊರಿನವರಿಗೆ ಚಿಕ್ಕದು, ಕೆಲವೇ ಮಂದಿ ಇರುವಲ್ಲಿ ಬಹು ದೊಡ್ಡದು. ದೇವಣಗಾಂವದಂಥ ಊರಿನಲ್ಲಿ ಒಬ್ಬರೇ ಇಬ್ಬರೇ ಇರುವ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮಂಗಳೂರಿನ ಹಳೆಯ ಪತ್ರಗಳು

ದೂರವಿದ್ದುಕೊಂಡು ಸಮುದಾಯದ ನಂಟನ್ನು ಉಳಿಸಿಕೊಂಡ ಯೆಹೂದ್ಯನೊಬ್ಬ ನಮ್ಮ ಮಂಗಳೂರಿನಲ್ಲೇ ಇದ್ದ. ಟ್ಯುನೀಸಿಯಾ ಕಡೆಯ ವ್ಯಾಪಾರಿ ಅಬ್ರಹಾಂ ಬೆನ್ ಯಿಜು 1132ರ ಹೊತ್ತಿಗೆ ಇಲ್ಲಿಗೆ ಬಂದು 1149ರವರೆಗೆ ಹೆಚ್ಚಾಗಿ ಈ ತೀರದಲ್ಲೇ ನೆಲಸಿದ್ದ. ಅವನ ಪತ್ರಗಳು ಕೈರೋದ ಹಳೆಯ ಸಿನಗಾಗಿನ ಕಾಗದದ ಕೋಣೆಯಲ್ಲಿ ಉಳಿದುಬಂದಿವೆ. ಅಮಿತಾವ್ ಘೋಷ್ 1992ರ ತಮ್ಮ ಪುಸ್ತಕದಲ್ಲಿ ಅವನ ಮತ್ತು ಅವನ ಆಳು ಬೊಮ್ಮನ ಕಥೆ ಹೇಳಿದ್ದಾರೆ. ಇಲ್ಲಿಂದ ಅಡಿಕೆ, ಕಾಳುಮೆಣಸು, ಕಬ್ಬಿಣ ಏಡನ್ ಬಂದರಿಗೆ ಹೋಗುತ್ತಿತ್ತು. ಅಲ್ಲಿನ ಯೆಹೂದ್ಯ ಗೆಳೆಯರು ಕಾಗದ, ಸಕ್ಕರೆ, ಒಣದ್ರಾಕ್ಷಿಯೊಂದಿಗೆ ಸುದ್ದಿಯನ್ನೂ ಕಳುಹಿಸುತ್ತಿದ್ದರು. ಹಡಗು ಬರುವ ಕಾಲಕ್ಕೆ ಕಾಯಬೇಕಿತ್ತು. ಆ ಪತ್ರಗಳೇ ಅವನ ಕಿಟಕಿ. ಆದರೂ 1149ರಲ್ಲಿ ಅವನು ಏಡನ್‌ಗೆ ಹಿಂತಿರುಗಿ, ಯುದ್ಧದಿಂದ ಚದರಿಹೋಗಿದ್ದ ಒಡಹುಟ್ಟಿದವರಿಗೆ ತನ್ನ ಬಳಿಗೆ ಬನ್ನಿರೆಂದು ಬರೆದ. ಪತ್ರ ನಂಟನ್ನು ಉಳಿಸಿತು. ಆದರೆ ಅವನಿಗೆ ಬೇಕಾದದ್ದು ಪತ್ರವಲ್ಲ, ಮನುಷ್ಯರು.

ಕೊನೆಯದಾಗಿ

ಮಹಾಮಾರಿ ಇಳಿದ ಮೇಲೆ ಅನೇಕ ಸಭೆಗಳು ಹತ್ತು ಮಂದಿ ಒಂದೆಡೆ ಸೇರುವ ನಿಯಮಕ್ಕೆ ಮರಳಿದವು. ಕ್ಯಾಮೆರಾವನ್ನು ಮಾತ್ರ ಹಲವರು ತೆಗೆಯಲಿಲ್ಲ. ಹಾಸಿಗೆ ಹಿಡಿದವರು, ದೂರದವರು ಈಗಲೂ ಅದರ ಮೂಲಕ ಕೂಡಿಕೊಳ್ಳುತ್ತಾರೆ. ನಮ್ಮ ಧರ್ಮಸಭೆಯ ನಿಲುವೂ ಇದಕ್ಕೆ ದೂರವಲ್ಲ. ದೈವಾರಾಧನಾ ಪೀಠದ ಅಂದಿನ ಮುಖ್ಯಸ್ಥ ಕಾರ್ಡಿನಲ್ ರಾಬರ್ಟ್ ಸಾರಾ 2020 ಆಗಸ್ಟ್ 15ರ ಪತ್ರದಲ್ಲಿ, ಪ್ರಸಾರವು ರೋಗಿಗಳಿಗೆ ದೊಡ್ಡ ಸೇವೆ ಮಾಡಿದೆ, ಆದರೆ ಖುದ್ದಾಗಿ ಪಾಲ್ಗೊಳ್ಳುವುದಕ್ಕೆ ಅದು ಸಮವಲ್ಲ ಎಂಬ ಅರ್ಥದಲ್ಲೇ ಬರೆದಿದ್ದರು.

ದೇವಣಗಾಂವದ ಆ ಸಹೋದರಿಗೆ ನಾವು ಹೇಳಿದ್ದೂ ಇಷ್ಟೇ. ಮಣ್ಣಿಗೆ ಹೋದ ಹಾಗೆ ಆಗಲಿಲ್ಲ. ಅದು ನಿಮಗೇ ಗೊತ್ತು, ಅದಕ್ಕೇ ಕೇಳುತ್ತಿದ್ದೀರಿ. ಹೋಗದ ಹಾಗೂ ಆಗಲಿಲ್ಲ. ಕಿಟಕಿಯಲ್ಲಿ ನಿಮ್ಮ ಮುಖ ಇತ್ತು. ಉಳಿದದ್ದನ್ನು ಈಗಲೂ ಮಾಡಬಹುದು. ರಜೆ ಸಿಕ್ಕಾಗ ಊರಿಗೆ ಬನ್ನಿ, ತಂದೆಯ ಹೆಸರಿನಲ್ಲಿ ಒಂದು ಬಲಿಪೂಜೆ ಇಡಿಸಿ, ಸಮಾಧಿಯ ಬಳಿ ನಾಲ್ಕು ಮಂದಿ ಬಂಧುಗಳನ್ನು ಕರೆದು ಪ್ರಾರ್ಥನೆ ಹೇಳಿ. ನಿಮ್ಮ ಮಾತಿಗೆ 'ಆಮೆನ್' ಎನ್ನುವವರು ಪಕ್ಕದಲ್ಲಿರಲಿ.