ಕೂಸಿನ ಬಾಯಿ ಮತ್ತು ಚನ್ನಪಟ್ಟಣದ ಅರಗು

ಎಂಟು ತಿಂಗಳ ಕೂಸಿನ ಕೈಗೆ ಏನು ಕೊಟ್ಟರೂ ಅದು ಮೊದಲು ಹೋಗುವುದು ಬಾಯಿಗೆ. ಆಟಿಕೆಗಳ ಚರಿತ್ರೆ ಬರೆಯುವವರು ಈ ಬಾಯಿಯನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಚನ್ನಪಟ್ಟಣದ ಕುರಿತ ಬರಹಗಳನ್ನೇ ನೋಡಿ. ಟಿಪ್ಪು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದನೆಂಬ ಪ್ರತೀತಿ, ಜಪಾನಿನ ವಿಧಾನಗಳನ್ನು ಅಳವಡಿಸಿ ಕಸುಬು ಬೆಳೆಸಿದ ಬಾವಾಸ್ ಮಿಯಾನ್ ಅವರ ಹೆಸರು, ಇವೆರಡೂ ತಪ್ಪದೆ ಬರುತ್ತವೆ. ಆ ಗೊಂಬೆ ಎಷ್ಟು ವಯಸ್ಸಿನ ಮಗುವಿನ ಕೈಗೆ ಹೋಯಿತು ಎಂದು ಕೇಳುವವರು ಕಡಿಮೆ.

ಉತ್ತರದ ಒಂದು ಪಾಲು ಕೆಲಸದ ವಿಧಾನದಲ್ಲೇ ಇದೆ. ಹಗುರವಾದ, ಬೆಳ್ಳಗಿನ ಹಾಲೆ ಮರವನ್ನು ತಿಂಗಳುಗಟ್ಟಲೆ ಒಣಗಿಸುತ್ತಾರೆ. ಲೇತಿನ ಮೇಲೆ ತಿರುಗುತ್ತಿರುವ ತುಂಡಿಗೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೇ ಅರಗು ಕರಗಿ ಮರವನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಕೇದಗೆ ಎಲೆಯಿಂದ ಉಜ್ಜಿ ಹೊಳಪು ಕೊಡುತ್ತಾರೆ. ಬ್ರಷ್ಷಿಲ್ಲ, ಥಿನ್ನರಿಲ್ಲ. ಅರಗು ಕೀಟವೊಂದರ ಸ್ರಾವ. ಅದರೊಳಗೆ ಅರಿಸಿನವಿದ್ದರೆ ಮಗು ಚೀಪಿದರೂ ಭಯವಿಲ್ಲ. ಆದರೆ ಕಡ್ಡಿಗೆ ಯಾವ ಬಣ್ಣ ಬೆರೆಸಿದ್ದಾರೆ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಚನ್ನಪಟ್ಟಣಕ್ಕೂ ಅಗ್ಗದ ರಾಸಾಯನಿಕ ಬಣ್ಣ ಬಂದು ಬಹಳ ಕಾಲವಾಯಿತು.

ನಮ್ಮ ಮನೆಗಳಲ್ಲಿ ಆಟಿಕೆಯ ವಯಸ್ಸನ್ನು ವರ್ಷದಲ್ಲಿ ಎಣಿಸುತ್ತಿರಲಿಲ್ಲ. ತೊಟ್ಟಿಲಿನ ಕೂಸಿಗೆ ಗಿಲಕಿ, ಎದ್ದು ನಿಲ್ಲುವ ಮಗುವಿಗೆ ಮೂರು ಗಾಲಿಯ ತಳ್ಳುಗಾಡಿ, ಓಡುವ ಹುಡುಗರಿಗೆ ಬುಗುರಿ. ಮಗುವಿನ ಮೈ ಏನು ಮಾಡಬಲ್ಲದೋ ಅದೇ ಅಳತೆ. (ದಸರೆಯ ಪಟ್ಟದ ಗೊಂಬೆಗಳಿಗೆ ಯಾವ ವಯಸ್ಸೂ ಇರಲಿಲ್ಲ, ಮಕ್ಕಳು ಮುಟ್ಟುವಂತೆಯೇ ಇಲ್ಲವಲ್ಲ!)

ಇಂದು ಜಯನಗರ 4ನೇ ಬ್ಲಾಕಿನಲ್ಲಿ ಡಬ್ಬಿಯ ಮೇಲೆ ‘3+’ ಎಂದು ಕಂಡರೆ ಹಲವರು ಅದನ್ನು ಬುದ್ಧಿಯ ಅಳತೆ ಎಂದು ಓದುತ್ತಾರೆ. ‘ನಮ್ಮ ಪಾಪು ಚುರುಕು, ಎರಡಕ್ಕೇ ಆಡ್ತಾಳೆ’ ಎನ್ನುತ್ತಾರೆ. ಆದರೆ ಆ ಸಂಖ್ಯೆಯ ಹಿಂದೆ ಹೆಚ್ಚಾಗಿ ಇರುವುದು ಗಂಟಲು. ಮಗುವಿನ ಗಂಟಲನ್ನು ಅಂದಾಜಿಸಿ ಮಾಡಿದ 31.7 ಮಿಲಿಮೀಟರ್ ವ್ಯಾಸದ ಕೊಳವೆಯೊಂದಿದೆ. ಅದರೊಳಗೆ ಪೂರ್ತಿ ಇಳಿಯುವ ಆಟಿಕೆಯಾಗಲಿ, ಕಳಚಿಬರುವ ಅದರ ಬಿಡಿಭಾಗವಾಗಲಿ 3 ವರ್ಷದೊಳಗಿನವರಿಗೆ ಸಲ್ಲದು. ಮಗು ಎಷ್ಟೇ ಚುರುಕಾದರೂ ಗಂಟಲು ಬೇಗ ಬೆಳೆಯುವುದಿಲ್ಲ.

ಬಣ್ಣದ ಭಯ ಜಗತ್ತಿಗೆ ಜೋರಾಗಿ ಕೇಳಿಸಿದ್ದು 2007ರಲ್ಲಿ. ಆ ವರ್ಷ ಮ್ಯಾಟೆಲ್ ಕಂಪನಿ ಸೀಸದ ಬಣ್ಣದ ಕಾರಣಕ್ಕೆ ಲಕ್ಷಾಂತರ ಆಟಿಕೆಗಳನ್ನು ವಾಪಸು ಪಡೆಯಿತು. ಬೆಂಗಳೂರಿಗೆ ಸೀಸದ ಮಾತು ಹೊಸದಾಗಿರಲಿಲ್ಲ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅದಕ್ಕೂ ಮೊದಲಿನಿಂದಲೇ ಮಕ್ಕಳ ರಕ್ತದಲ್ಲಿನ ಸೀಸದ ಬಗ್ಗೆ ಎಚ್ಚರಿಸುತ್ತಿದ್ದರು. ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ದೇಶದಲ್ಲಿ ಬಂದದ್ದು 2016ರಲ್ಲಿ. ಆಟಿಕೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯವಾದದ್ದು 2021ರ ಜನವರಿ 1ರಿಂದ.

ಈ ಕಡ್ಡಾಯದಿಂದ ನೋಂದಾಯಿತ ಕುಶಲಕರ್ಮಿಗಳ ಆಟಿಕೆಗಳಿಗೂ ಜಿಐ ನೋಂದಣಿಯ ಅಧಿಕೃತ ಬಳಕೆದಾರರ ಆಟಿಕೆಗಳಿಗೂ ವಿನಾಯಿತಿ ಸಿಕ್ಕಿತು. ಚನ್ನಪಟ್ಟಣಕ್ಕೆ 2005-06ರಲ್ಲೇ ಜಿಐ ಬಂದಿತ್ತು. ವಿನಾಯಿತಿ ನ್ಯಾಯವಾದದ್ದೇ: ಪ್ರಯೋಗಾಲಯದ ಖರ್ಚು ಹೊರಬೇಕಾಗಿದ್ದರೆ ಒಂದು ಲೇತಿನ ಮನೆ ಬಾಗಿಲು ಮುಚ್ಚಬೇಕಾಗುತ್ತಿತ್ತು. ಆದರೆ ಇದರಿಂದ ಕೊಳ್ಳುವವರ ಪಾಲಿಗೆ ಒಂದು ಕೆಲಸ ಉಳಿಯಿತು. ಜಿಐ ಹೇಳುವುದು ಗೊಂಬೆ ಯಾವ ಊರಿನದೆಂದು. ಕೂಸಿನ ಬಾಯಿಗೆ ಆಗುತ್ತದೆಯೇ ಎಂಬುದನ್ನು ಅದು ಹೇಳುವುದಿಲ್ಲ. ‘ಮರದ್ದು, ನಮ್ಮದು’ ಎಂದು ಬನಶಂಕರಿಯಲ್ಲೋ ಜೆಪಿ ನಗರದಲ್ಲೋ ಕಣ್ಣುಮುಚ್ಚಿ ಕೊಂಡುಬರುವ ಅಭಿಮಾನ ಇಲ್ಲಿ ಸಾಲದು.

ಕೇಳಬೇಕಾದವು ಬಹಳವೇನಿಲ್ಲ. ಬಣ್ಣ ಯಾವುದು, ಅರಗೋ ಪೇಂಟೋ? ಗಾಲಿಯ ಗೂಟ ಎಳೆದರೆ ಬರುತ್ತದೆಯೇ? ಗಿಲಕಿ ಒಡೆದರೆ ಒಳಗಿನ ಕಾಳು ಎಷ್ಟು ದಪ್ಪ? ಕಡೆದವರನ್ನೇ ಕೇಳಬೇಕೆನಿಸಿದರೆ ಚನ್ನಪಟ್ಟಣ ಅರವತ್ತು ಕಿಲೋಮೀಟರು. 2025ರಲ್ಲಿ ರಾಮನಗರ ಜಿಲ್ಲೆಯ ಹೆಸರು ಬದಲಾದ ಮೇಲೆ ಅದೂ ಬೆಂಗಳೂರು ದಕ್ಷಿಣವೇ.