ಕಥೆ ಹೇಳುವವರು ಯಾರು?

ಕಾದಂಬರಿಯನ್ನು ಬರೆಯಹೊರಟವನಿಗೆ ಮೊದಲ ವಾಕ್ಯದಲ್ಲಿಯೇ ಒಂದು ತೊಡಕು ಎದುರಾಗುತ್ತದೆ. “ನಾನು ಕಂಡೆನು” ಎಂದು ಉತ್ತಮಪುರುಷದಲ್ಲಿ ಹೇಳಬೇಕೆ, “ಅವನು ಕಂಡನು” ಎಂದು ಪ್ರಥಮಪುರುಷದಲ್ಲಿ ಹೇಳಬೇಕೆ? ಈ ಪ್ರಶ್ನೆ ಇಂಗ್ಲಿಷ್ ಕಾದಂಬರಿಗಳೊಡನೆ ನಮ್ಮಲ್ಲಿಗೆ ಬಂದಿತೆಂದು ನನ್ನ ವಿದ್ಯಾರ್ಥಿಗಳಲ್ಲಿ ಹಲವರ ಭಾವನೆ. ವಾಸ್ತವವಾಗಿ ನಮ್ಮ ಆಲಂಕಾರಿಕರು ಸಾವಿರ ವರ್ಷಗಳಿಗೂ ಹಿಂದೆಯೇ ಇದನ್ನು ಕುರಿತು ವಾದಿಸಿದ್ದರು.

ಭಾಮಹನ ಮತದಲ್ಲಿ ಆಖ್ಯಾಯಿಕೆಯ ನಾಯಕನು ತನ್ನ ವೃತ್ತಾಂತವನ್ನು ತಾನೇ ಹೇಳುತ್ತಾನೆ. ‘ಕಥೆ’ಯಲ್ಲಿ ಇತರರು ಹೇಳುತ್ತಾರೆ. ಕುಲೀನನಾದವನು ತನ್ನ ಗುಣಗಳನ್ನು ತಾನೇ ಹೇಗೆ ಹೊಗಳಿಕೊಂಡಾನು ಎಂಬುದು ಅಲ್ಲಿಯ ಶಂಕೆ. ನಮ್ಮ ಕವಿರಾಜಮಾರ್ಗಕ್ಕೆ ಆಧಾರವಾದ ಕಾವ್ಯಾದರ್ಶದಲ್ಲಿ ದಂಡಿಯು ಈ ವಿಭಾಗವನ್ನು ಒಪ್ಪುವುದಿಲ್ಲ. ನಡೆದುದನ್ನು ನಡೆದಂತೆ ಹೇಳುವವನಿಗೆ ಆತ್ಮಪ್ರಶಂಸೆಯ ದೋಷವಿಲ್ಲ. ಕಥೆ, ಆಖ್ಯಾಯಿಕೆ ಎಂಬುವು ಒಂದೇ ಜಾತಿಗೆ ಎರಡು ಹೆಸರುಗಳು ಎಂದು ಅವನ ನಿರ್ಣಯ.

ಜಾತಿಯೇನೋ ಒಂದೇ ಇರಬಹುದು. ಫಲ ಮಾತ್ರ ಒಂದೇ ಅಲ್ಲ. ಇದಕ್ಕೆ ನಿದರ್ಶನ, ನಾಗವರ್ಮನು ಕನ್ನಡಕ್ಕೆ ತಂದ, ಈ ಸಾಹಿತ್ಯಪ್ರಕಾರಕ್ಕೇ ನಮ್ಮಲ್ಲಿ ಹೆಸರಾಗಿ ನಿಂತ, ಬಾಣನ ‘ಕಾದಂಬರಿ’. ಶೂದ್ರಕರಾಜನ ಸಭೆಯಲ್ಲಿ ಗಿಳಿಯೊಂದು ತನ್ನ ಕಥೆಯನ್ನು ತಾನೇ ಹೇಳುತ್ತದೆ. ಅದರೊಳಗೆ ಜಾಬಾಲಿಮುನಿಯ ಕಥನವಿದೆ. ಮುನಿಯು ತ್ರಿಕಾಲಜ್ಞಾನಿ, ಪ್ರಥಮಪುರುಷದ ಕಥನಕಾರನಂತೆ ಅವನಿಗೆ ಎಲ್ಲವೂ ಗೊತ್ತು. ಆದರೂ ಮಹಾಶ್ವೇತೆಯ ದುಃಖ ಬಂದಾಗ ಅವನು ಹಿಂದೆ ಸರಿದು ಆಕೆಯ ಬಾಯಿಂದಲೇ ಅದನ್ನು ಹೇಳಿಸುತ್ತಾನೆ. ಪ್ರಿಯನಾದ ಪುಂಡರೀಕನ ಬಳಿಗೆ ಬರುವಷ್ಟರಲ್ಲಿ ಅವನ ಪ್ರಾಣ ಹೋಗಿತ್ತೆಂಬ ಮಾತು ಪರರ ಬಾಯಲ್ಲಿ ಸುದ್ದಿ. ಆಕೆಯ ಬಾಯಲ್ಲಿ ಸಂಕಟ.

ಆದರೆ “ನಾನು” ಎಂಬುದಕ್ಕೆ ಒಂದು ಕುರುಡುಂಟು. ಬಾಣನ ಮಗನು ಪೂರ್ತಿಮಾಡಿದ ಭಾಗದಲ್ಲಿ, ತನ್ನನ್ನು ಬಯಸಿ ಬಂದ ವೈಶಂಪಾಯನನನ್ನು ಮಹಾಶ್ವೇತೆ ಗಿಳಿಯಾಗೆಂದು ಶಪಿಸುತ್ತಾಳೆ. ಅವನೇ ಮರುಹುಟ್ಟು ಪಡೆದ ಪುಂಡರೀಕನೆಂದು ಆಕೆಗೆ ತಿಳಿಯದು. ಕಥೆ ಹೇಳುವ ಗಿಳಿಯೂ ಅವನೇ. ತಾನು ಯಾರೆಂಬುದನ್ನು ಆ ಗಿಳಿಯೂ ಮುನಿಯ ಬಾಯಿಂದಲೇ ಕೇಳಿ ತಿಳಿಯಬೇಕಾಯಿತು.

ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ಮಾಸ್ತಿಯವರ ‘ರಂಗಪ್ಪನ ಮದುವೆ’ಯಲ್ಲಿ “ನಾನು” ಎನ್ನುವವನು ವರನಲ್ಲ, ಊರಿನವನೊಬ್ಬ. ಶಾಸ್ತ್ರಿಗಳಿಗೆ ಮೊದಲೇ ಪಾಠ ಹೇಳಿಕೊಟ್ಟ ಗುಟ್ಟನ್ನು ಅವನೇ ನಮಗೆ ತಿಳಿಸುವುದರಿಂದ, ವರನಿಗೆ ಕಾಣದ ವಿನೋದ ನಮಗೆ ಕಾಣುತ್ತದೆ.

ಆದುದರಿಂದ ಬರೆಯುವವನು ಮೊದಲು ಕೇಳಿಕೊಳ್ಳಬೇಕಾದುದು ಯಾವ ಪುರುಷವೆಂದಲ್ಲ. ಈ ನೋವು ಯಾರದು, ಈ ತಿಳಿವು ಯಾರಿಗೆ ಉಂಟು ಎಂದು. ನೋವು ಮುಖ್ಯವಾದರೆ ಮಹಾಶ್ವೇತೆ ಮಾತನಾಡಲಿ. ತಿಳಿವು ಮುಖ್ಯವಾದರೆ ಜಾಬಾಲಿ ಮಾತನಾಡಲಿ. ಎರಡೂ ಬೇಕೆನ್ನುವವನು ಬಾಣನಂತೆ ಒಬ್ಬರ ಮಾತಿನೊಳಗೆ ಇನ್ನೊಬ್ಬರಿಗೆ ಎಡೆಮಾಡಿಕೊಡಬೇಕು.